ಹಾಡ್ತಾ ಹಾಡ್ತಾ ಬಾರದ ರಾಗ

ಪಿಯಾನೋ ಮುಂದೆ ಒಬ್ಬ ಹುಡುಗ ಕೂತಿದ್ದಾನೆ. ಕೆಲಸ ಈಗಷ್ಟೇ ಸಿಕ್ಕಿದೆ. ಸಂಬಳ ಅವನು ಅಂದುಕೊಂಡಿದ್ದಕ್ಕಿಂತ ಜಾಸ್ತಿ. ದೊಡ್ಡ ಮನೆ, ಧಾರಾಳ ಮನಸ್ಸಿನ ಯಜಮಾನಿ, ಜೊತೆಗೆ ಹೆಸರುವಾಸಿ ಸಂಗೀತ ಮೇಷ್ಟ್ರು. ಯಜಮಾನಿ ಹಾಡಲು ಶುರು ಮಾಡುತ್ತಾಳೆ. ಹುಡುಗನ ಬೆರಳು ಆಡುತ್ತಲೇ ಇರುತ್ತವೆ. ಮುಖ ಮಾತ್ರ ಕೈ ಕೊಡುತ್ತದೆ. ಮೊದಲು ಗಾಬರಿ. ಆಮೇಲೆ, ಇದು ನನಗೊಬ್ಬನಿಗೇ ಹೀಗೆ ಕೇಳಿಸ್ತಿದೆಯಾ ಎನ್ನುವ ಅನುಮಾನ. ಮೇಷ್ಟ್ರ ಕಡೆ ನೋಡುತ್ತಾನೆ. ಅವರು ಮೆಚ್ಚುತ್ತಿದ್ದಾರೆ. ಗಂಡನ ಕಡೆ ನೋಡುತ್ತಾನೆ. ಅವನ ಮುಖದಲ್ಲಿ ಭಕ್ತಿ. ಹುಡುಗ ಹೊರಗೆ ಬರುವ ತನಕ ಹೇಗೋ ತಡೆದುಕೊಳ್ಳುತ್ತಾನೆ. ಆಮೇಲೆ ತಡೆಯಲು ಆಗುವುದಿಲ್ಲ.

ಇದು 2016ರಲ್ಲಿ ಸ್ಟೀಫನ್ ಫ್ರಿಯರ್ಸ್ ನಿರ್ದೇಶಿಸಿದ 'ಫ್ಲಾರೆನ್ಸ್ ಫಾಸ್ಟರ್ ಜೆಂಕಿನ್ಸ್' ಸಿನಿಮಾದ ದೃಶ್ಯ. ಯಜಮಾನಿಯಾಗಿ ಮೆರಿಲ್ ಸ್ಟ್ರೀಪ್, ಗಂಡನಾಗಿ ಹ್ಯೂ ಗ್ರಾಂಟ್, ಪಿಯಾನೋ ಹುಡುಗನಾಗಿ ಸೈಮನ್ ಹೆಲ್ಬರ್ಗ್. ನಾನು ಇದನ್ನು ಮೊದಲ ಸಲ ನೋಡಿದಾಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದೆ. ಸ್ವಲ್ಪ ದಿನ ಬಿಟ್ಟು, ಬರೀ ಹಾಡಿನ ತುಣುಕನ್ನು ಮನೆಯಲ್ಲಿ ಹಿರಿಯರೊಬ್ಬರಿಗೆ ಕೇಳಿಸಿದೆ. ಪರದೆ ತೋರಿಸಲಿಲ್ಲ. ಅವರು ಪೂರ್ತಿ ಕೇಳಿ, "ಇದರಲ್ಲಿ ನಗೋದು ಏನಿದೆ? ಇವರ ಸಂಗೀತ ಯಾವಾಗಲೂ ಹೀಗೇ ಕಿರುಚಾಟ ಅಲ್ವಾ?" ಅಂದರು.

ಆ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ನಿಜ ಹೇಳಬೇಕೆಂದರೆ ನನಗೂ ಒಪೆರಾ, ಅಂದರೆ ಪಾಶ್ಚಾತ್ಯರ ಹಾಡುನಾಟಕದ ಸಂಗೀತ, ಗೊತ್ತಿಲ್ಲ. ಯಾವ ಸ್ವರ ಎಲ್ಲಿರಬೇಕಿತ್ತು, ಎಲ್ಲಿ ಬಿತ್ತು ಎಂದು ಹೇಳುವಷ್ಟು ಕಿವಿ ನನಗಿಲ್ಲ. ಹಾಗಾದರೆ ನಾನು ನಕ್ಕಿದ್ದು ಯಾವುದಕ್ಕೆ? ಯೋಚಿಸಿದರೆ ಉತ್ತರ ಸುಲಭ. ಆ ಹುಡುಗನ ಮುಖಕ್ಕೆ.

ಕೆಟ್ಟದಾಗಿ ಹಾಡುವವರ ಬಗ್ಗೆ ಬಂದ ಒಳ್ಳೆಯ ಸಿನಿಮಾಗಳೆಲ್ಲ ಈ ಗುಟ್ಟು ಬಲ್ಲವು. ಹಾಡುವವರ ಬಾಯಿಗಿಂತ ಕೇಳುವವರ ಮುಖದ ಮೇಲೆ ಅವುಗಳ ಕಣ್ಣು ಜಾಸ್ತಿ. ನಾವು ಅಪಹಾಸ್ಯ ಮಾಡಬೇಕೋ, ಅಯ್ಯೋ ಅನ್ನಬೇಕೋ, ಎದ್ದು ಚಪ್ಪಾಳೆ ತಟ್ಟಬೇಕೋ ಎನ್ನುವುದು ಅಲ್ಲಿ ತೀರ್ಮಾನವಾಗುತ್ತದೆ. ಇವತ್ತು ನಮ್ಮ ಫೋನಿನಲ್ಲಿ ದಿನಕ್ಕೊಬ್ಬ ಬೇಸುರ ಗಾಯಕ ಓಡಾಡುತ್ತಿದ್ದಾನೆ. ನಾವು ಅವನನ್ನು ನೋಡಿ ನಗುತ್ತೇವೆ, ಫಾರ್ವರ್ಡ್ ಮಾಡುತ್ತೇವೆ, ಮರೆಯುತ್ತೇವೆ. ಅದೇ ಜನ ಥಿಯೇಟರಿನಲ್ಲಿ ಫ್ಲಾರೆನ್ಸ್‌ಗಾಗಿ ಕಣ್ಣು ಒರೆಸಿಕೊಂಡಿದ್ದಾರೆ. ಈ ಎರಡರ ನಡುವೆ ಏನು ಬದಲಾಯಿತು ಎಂದು ನೋಡಬೇಕು ಅನ್ನಿಸಿತು.

ಮೊದಲು ನಿಜವಾದ ಫ್ಲಾರೆನ್ಸ್ ಕಥೆ. ಹುಟ್ಟಿದ್ದು 1868ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ವಿಲ್ಕ್ಸ್-ಬ್ಯಾರಿ ಎಂಬ ಊರಿನಲ್ಲಿ. ಅಪ್ಪ ಶ್ರೀಮಂತ. ಮಗಳು ಚಿಕ್ಕಂದಿನಲ್ಲಿ ಪಿಯಾನೋ ಚೆನ್ನಾಗಿಯೇ ನುಡಿಸುತ್ತಿದ್ದಳು. ಆಮೇಲೆ ಕೈಗೆ ಪೆಟ್ಟಾಗಿ ಆ ದಾರಿ ಮುಚ್ಚಿತು. ಮೊದಲ ಮದುವೆ ಕೆಟ್ಟಿತು, ಗಂಡನಿಂದ ಸಿಫಿಲಿಸ್ ಬಂತು. ಆ ಕಾಲದಲ್ಲಿ ಅದಕ್ಕೆ ಮದ್ದು ಎಂದು ಕೊಡುತ್ತಿದ್ದದ್ದು ಪಾದರಸ ಮತ್ತು ಆರ್ಸೆನಿಕ್. 1909ರಲ್ಲಿ ಅಪ್ಪ ತೀರಿಹೋದ ಮೇಲೆ ಆಸ್ತಿ ಕೈಗೆ ಬಂತು. ಅದೇ ಹೊತ್ತಿಗೆ ಸೇಂಟ್ ಕ್ಲೇರ್ ಬೇಫೀಲ್ಡ್ ಎಂಬ ಇಂಗ್ಲಿಷ್ ನಟ ಜೊತೆಯಾದ. ಸಿನಿಮಾದಲ್ಲಿ ಹ್ಯೂ ಗ್ರಾಂಟ್ ಮಾಡಿದ ಗಂಡನ ಪಾತ್ರ ಇವನದೇ. 1917ರಲ್ಲಿ ನ್ಯೂಯಾರ್ಕಿನಲ್ಲಿ ಸಂಗೀತಪ್ರಿಯರ ವರ್ಡಿ ಕ್ಲಬ್ ಶುರು ಮಾಡಿದಳು. ಸಂಗೀತಕ್ಕೆ ದುಡ್ಡು ಸುರಿದಳು. ತಾನೂ ಹಾಡಿದಳು. ವರ್ಷಕ್ಕೊಮ್ಮೆ ಹೋಟೆಲ್ ಹಾಲಿನಲ್ಲಿ ಕಛೇರಿ. ಟಿಕೆಟ್ ಬೇಕಾದರೆ ಆಕೆಯನ್ನೇ ಕೇಳಬೇಕು. ಯಾರು ಒಳಗೆ ಬರಬೇಕು, ಯಾರು ಬರಬಾರದು ಎನ್ನುವುದು ಆಕೆಯ ಕೈಯಲ್ಲಿತ್ತು.

ನಮ್ಮಲ್ಲಿ ಒಂದು ಗಾದೆ ಇದೆ, ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ. ಫ್ಲಾರೆನ್ಸ್ ವಿಷಯದಲ್ಲಿ ಗಾದೆಯ ಎರಡನೇ ಅರ್ಧ ನಿಜವಾಯಿತು. ಮೊದಲನೇ ಅರ್ಧ ಕೊನೆಯವರೆಗೂ ಆಗಲಿಲ್ಲ.

1944ರ ಅಕ್ಟೋಬರ್ 25. ವಯಸ್ಸು 76. ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಕಛೇರಿ. ಸುಮಾರು 2,800 ಸೀಟುಗಳ ಆ ಸಭಾಂಗಣದ ಟಿಕೆಟ್ ವಾರಗಟ್ಟಲೆ ಮೊದಲೇ ಖಾಲಿಯಾಗಿತ್ತು. ಬಾಗಿಲಲ್ಲೇ ವಾಪಸು ಹೋದವರೂ ಸಾಕಷ್ಟು ಜನ. ಕೂತವರು ಬಾಯಿಗೆ ಕರ್ಚೀಫು ತುರುಕಿಕೊಂಡರು. ತಡೆಯಲಾಗದ ನಗುವನ್ನು ಚಪ್ಪಾಳೆ, ಶಿಳ್ಳೆಯ ಕೆಳಗೆ ಮುಚ್ಚಿಟ್ಟರು. ಮರುದಿನದ ಪತ್ರಿಕೆಗಳು ದಯೆ ತೋರಿಸಲಿಲ್ಲ. ಕೆಲವೇ ದಿನಗಳಲ್ಲಿ ಆಕೆಗೆ ಹೃದಯಾಘಾತವಾಯಿತು. ನವೆಂಬರ್ 26ಕ್ಕೆ ತೀರಿಹೋದಳು. ವಿಮರ್ಶೆ ಕೊಂದಿತು ಎನ್ನುವುದು ಕೇಳಲು ಚೆಂದ. ಅಷ್ಟೊಂದು ವರ್ಷ ಆ ರೋಗವನ್ನೂ ಆ ಮದ್ದನ್ನೂ ಹೊತ್ತ 76ರ ದೇಹ ಎನ್ನುವುದನ್ನೂ ಮರೆಯಬಾರದು.

ಆಕೆ ಹಾಡಿದ ಕೆಲವು ರೆಕಾರ್ಡ್‌ಗಳು ಉಳಿದಿವೆ. ಅದರಲ್ಲಿ ಹೆಚ್ಚು ಹೆಸರಾಗಿರುವುದು ಸಂಗೀತ ಸಂಯೋಜಕ ಮೋತ್ಸಾರ್ಟ್‌ನ ಒಪೆರಾದ 'ರಾತ್ರಿಯ ರಾಣಿ' ಹಾಡು. 1791ರಲ್ಲಿ ಅವನು ಇದನ್ನು ಬರೆದದ್ದು ತನ್ನ ಹೆಂಡತಿಯ ಅಕ್ಕ ಯೋಸೆಫಾ ಹೋಫರ್‌ಗಾಗಿ. ಅವಳ ದನಿ ಎಲ್ಲಿಯವರೆಗೆ ಏರುತ್ತದೆ ಎಂದು ಗೊತ್ತಿದ್ದೇ ಬರೆದದ್ದು. ಒಳ್ಳೊಳ್ಳೆ ಗಾಯಕಿಯರೇ ಹೆದರುವ ಜಾಗಗಳು ಅದರಲ್ಲಿವೆ. ತುದಿಯಲ್ಲಿ ಒಂದೊಂದೇ ಸ್ವರವನ್ನು ಸೂಜಿಯಲ್ಲಿ ಚುಚ್ಚಿದ ಹಾಗೆ ಬಿಡಿಬಿಡಿಯಾಗಿ ಮುಟ್ಟಬೇಕು. ಫ್ಲಾರೆನ್ಸ್ ಆ ಸ್ವರಗಳ ಕಡೆಗೆ ಹಾರುತ್ತಾಳೆ. ಕೈಗೆ ಇನ್ನೇನು ಸಿಕ್ಕಿತು ಎನ್ನುವಾಗ ಜಾರುತ್ತಾಳೆ. ಮತ್ತೆ ಹಾರುತ್ತಾಳೆ.

ನಗು ಹುಟ್ಟುವುದು ಇಲ್ಲಿ. ಪೂರ್ತಿ ಬೇರೆಯೇ ಏನೋ ಹಾಡಿದ್ದರೆ ಯಾರೂ ನಗುತ್ತಿರಲಿಲ್ಲ. ಮೂಲ ಧಾಟಿ ಯಾವುದು ಎಂದು ಗುರುತು ಸಿಗಬೇಕು, ಅದು ಒಂದೆಳೆ ತಪ್ಪಬೇಕು. ಗಣೇಶನ ಹಬ್ಬದಲ್ಲಿ ನಮಗೆಲ್ಲ ಬಾಯಿಪಾಠವಾದ ಚಿತ್ರಗೀತೆಯನ್ನು ಯಾರೋ ಶ್ರುತಿ ಬಿಟ್ಟು ಹಾಡಿದಾಗ ಪೆಂಡಾಲಿನ ಮಕ್ಕಳೆಲ್ಲ ಕಿಸಕ್ಕೆನ್ನುತ್ತಾರೆ. ಅದೇ ಮಕ್ಕಳ ಮುಂದೆ ಗೊತ್ತಿಲ್ಲದ ಭಾಷೆಯ, ಗೊತ್ತಿಲ್ಲದ ಹಾಡನ್ನು ಅಷ್ಟೇ ಕೆಟ್ಟದಾಗಿ ಹಾಡಿ. ಆಕಳಿಸುತ್ತಾರೆ, ಅಷ್ಟೆ. ನಮ್ಮ ಮನೆಯ ಹಿರಿಯರಿಗೆ ಆದದ್ದು ಇದೇ. ಅವರ ಕಿವಿಯಲ್ಲಿ ಮೋತ್ಸಾರ್ಟ್ ಇರಲಿಲ್ಲ, ಹಾಗಾಗಿ ತಪ್ಪೂ ಇರಲಿಲ್ಲ.

ಸಿನಿಮಾ ಮಾಡುವವನಿಗೆ ಇದು ದೊಡ್ಡ ತಲೆನೋವು. ಜಗತ್ತಿನ ಎಲ್ಲ ಕಡೆಯ ಜನ ನೋಡುವ ಚಿತ್ರ. ಒಪೆರಾ ಕೇಳಿದವರು ಅದರಲ್ಲಿ ಎಷ್ಟು ಜನ? ಅದಕ್ಕೇ ಪಿಯಾನೋ ಹುಡುಗನ ಮುಖ ಬೇಕು. ಅವನು ನಮಗಾಗಿ ಕೇಳುತ್ತಾನೆ, ನಮಗಾಗಿ ಬೆಚ್ಚುತ್ತಾನೆ. ಅವನು ಬರುವ ತನಕ ಸಿನಿಮಾ ಫ್ಲಾರೆನ್ಸ್‌ಳ ಹಾಡನ್ನು ನಮ್ಮಿಂದ ಬಚ್ಚಿಡುತ್ತದೆ. ವೇಷ ತೋರಿಸುತ್ತದೆ, ರೆಕ್ಕೆ ತೋರಿಸುತ್ತದೆ, ದನಿ ಮಾತ್ರ ಇಲ್ಲ.

ಇನ್ನೊಂದು ತಮಾಷೆ ಇದೆ. ಕೆಟ್ಟ ಹಾಡನ್ನು ತೆರೆಯ ಮೇಲೆ ಕೇಳಿಸಲು ಚೆನ್ನಾಗಿ ಹಾಡುವವರೇ ಬೇಕು. ಮೆರಿಲ್ ಸ್ಟ್ರೀಪ್ ಆ ಹಾಡುಗಳನ್ನು ಮೊದಲು ಸರಿಯಾಗಿ ಕಲಿತು, ಆಮೇಲೆ ಕೆಡಿಸಿದರು. ಚಿತ್ರೀಕರಣದ ಜಾಗದಲ್ಲೇ ನೇರವಾಗಿ ಹಾಡಿದರು. ಹೆಲ್ಬರ್ಗ್ ಪಿಯಾನೋ ಕೂಡ ನಿಜವಾಗಿಯೇ ನುಡಿಸಿದರು. ಎಲ್ಲಿ ಎಷ್ಟು ತಪ್ಪಬೇಕು ಎನ್ನುವ ಲೆಕ್ಕಾಚಾರ ಇದ್ದ ಅಪಸ್ವರ ಅದು. ಬಣ್ಣ ಬಳಿಯುವವನು ಹೊಸ ಗೋಡೆಗೆ ಬೇಕೆಂದೇ ಹಳೇ ಗೋಡೆಯ ಬಣ್ಣ ಬಳಿದುಕೊಟ್ಟ ಹಾಗೆ. ನಿಜವಾದ ಫ್ಲಾರೆನ್ಸ್‌ಳ ರೆಕಾರ್ಡ್‌ಗಳನ್ನು ಒಟ್ಟಿಗೆ ಎರಡು ಗಂಟೆ ಕೇಳುತ್ತಾ ಕೂರಲು ನನ್ನಿಂದ ಆಗಲ್ಲ. ಸ್ಟ್ರೀಪ್ ಹಾಡಿದ್ದನ್ನು ಕೂತು ಕೇಳಿದೆ. ಆ ಪಾತ್ರಕ್ಕೆ ಅವರಿಗೆ ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತು, ಇಪ್ಪತ್ತನೆಯ ಸಲ.

ಭಾರತದ ಸಿನಿಮಾದಲ್ಲಿ ಈ ವಿಷಯಕ್ಕೆ ಬೇರೆ ತಿರುವು ಇದೆ. ಇಲ್ಲಿ ನಟ ಹಾಡುವ ದನಿಯೇ ಬೇರೆಯವರಿಂದ ಸಾಲ ತಂದದ್ದು. ರಾಜ್‌ಕುಮಾರ್ ಶರೀರವಾದರೆ ಪಿ.ಬಿ. ಶ್ರೀನಿವಾಸ್ ಶಾರೀರ ಎಂದು ನಾವು ಅಭಿಮಾನದಿಂದ ಹೇಳುತ್ತೇವೆ. ಹಾಗಾಗಿ ನಮ್ಮ ಹೀರೋಗೆ ಹಾಡು ಬರದೆ ಇರುವುದು ಸಾಧ್ಯವೇ ಇಲ್ಲ. ಸಂಗೀತಗಾರರ ಬಗ್ಗೆ ನಾವು ಮಾಡಿದ ಸಿನಿಮಾಗಳೂ ಅಷ್ಟೇ. 1966ರ 'ಸಂಧ್ಯಾರಾಗ'ದಲ್ಲಿ ಭೀಮಸೇನ ಜೋಶಿಯವರ ದನಿ ಇದೆ. 1975ರ 'ಹಂಸಗೀತೆ' ಮಹಾನ್ ಗಾಯಕನ ಕಥೆ. ಪ್ರತಿಭೆ ಇದ್ದವನು ಏನು ಅನುಭವಿಸಿದ ಎನ್ನುವುದು ನಮಗೆ ಕಥೆ. ಪ್ರತಿಭೆ ಇಲ್ಲದೆ ಬರೀ ಆಸೆ ಇದ್ದವನು ಹಾಸ್ಯನಟನ ಪಾಲು.

ಹಿಂದಿಯ 'ಪಡೋಸನ್' ಇದಕ್ಕೆ ಸ್ವಲ್ಪ ಹೊರತು. 1968ರ ಆ ಚಿತ್ರದಲ್ಲಿ ಸುನೀಲ್ ದತ್‌ನ ಭೋಲಾಗೆ ಹಾಡು ಬರಲ್ಲ. ಪಕ್ಕದ ಮನೆಯ ಹುಡುಗಿಗೆ ಹಾಡು ಇಷ್ಟ. ಗೆಳೆಯನಾದ ಕಿಶೋರ್ ಕುಮಾರ್ ಹಿಂದೆ ನಿಂತು ಹಾಡುತ್ತಾನೆ, ಭೋಲಾ ಕಿಟಕಿಯಲ್ಲಿ ಬಾಯಿ ಆಡಿಸುತ್ತಾನೆ. ಹಿನ್ನೆಲೆ ಗಾಯನವನ್ನೇ ಕಥೆ ಮಾಡಿ ತನ್ನನ್ನು ತಾನೇ ಗೇಲಿ ಮಾಡಿಕೊಂಡ ಸಿನಿಮಾ ಅದು. ಎದುರು ಕಿಟಕಿಯಲ್ಲಿ ಮೆಹಮೂದ್‌ನ ಸಂಗೀತ ಮೇಷ್ಟ್ರು. ದಕ್ಷಿಣದವರ ಅಣಕ, ನೋಡುವಾಗ ನಮಗೆ ಸ್ವಲ್ಪ ಮುಜುಗರವೂ ಆಗುತ್ತದೆ. ಪೈಪೋಟಿಯ ಹಾಡಿನಲ್ಲಿ ಮೇಷ್ಟ್ರಿಗೆ ದನಿ ಕೊಟ್ಟವರು ಶಾಸ್ತ್ರೀಯವಾಗಿ ಕಲಿತ ಮನ್ನಾ ಡೇ. ಕಥೆಯಲ್ಲಿ ಅವರು ಸೋಲಬೇಕು. ಕಿಶೋರ್ ಎದುರು ಸೋಲುವ ಹಾಗೆ ಹಾಡುವುದು ಅವರಿಗೆ ಇರುಸುಮುರುಸಾಗಿತ್ತು ಎಂಬ ಮಾತಿದೆ. ಆಗಬೇಕಾದ್ದೇ. ಥಿಯೇಟರಿನ ಜನ ಮಾತ್ರ ಒಂದು ಕ್ಷಣವೂ ಮೇಷ್ಟ್ರ ಕಡೆ ಹೋಗಲಿಲ್ಲ. ಕಲಿತವನಿಗಿಂತ ಕಲಿಯದವನೇ ಗೆಲ್ಲಲಿ ಎನ್ನುವ ಹುಮ್ಮಸ್ಸು ಪ್ರೇಕ್ಷಕನಲ್ಲಿ ಯಾವಾಗಲೂ ಇರುತ್ತದೆ.

ಆದರೆ ಭೋಲಾನ ಆಸೆ ಹುಡುಗಿಯ ಮೇಲೆ, ಹಾಡಿನ ಮೇಲಲ್ಲ. ಹಾಡಿನ ಮೇಲೆಯೇ ಹುಚ್ಚು ಹಿಡಿದದ್ದು ಪಂಚತಂತ್ರದ ಕತ್ತೆಗೆ. ನೆನಪಿದೆಯಾ? ನರಿ, ಕತ್ತೆ ಇಬ್ಬರೂ ರಾತ್ರಿ ಸೌತೆಕಾಯಿ ಹೊಲಕ್ಕೆ ನುಗ್ಗುತ್ತಾರೆ. ಹೊಟ್ಟೆ ತುಂಬಿದ ಮೇಲೆ ಕತ್ತೆಗೆ ಹಾಡುವ ಮನಸ್ಸಾಗುತ್ತದೆ. ಬೇಡ ಕಣಯ್ಯಾ, ಕಾವಲಿನವರು ಬರ್ತಾರೆ ಎನ್ನುತ್ತದೆ ನರಿ. ಸಂಗೀತದ ಬೆಲೆ ನಿನಗೇನು ಗೊತ್ತು ಎಂದು ಕತ್ತೆ ಸಪ್ತಸ್ವರ, ಮೂರು ಗ್ರಾಮ, ಇಪ್ಪತ್ತೊಂದು ಮೂರ್ಛನೆ ಎಂದು ಶಾಸ್ತ್ರವನ್ನೇ ಒಪ್ಪಿಸುತ್ತದೆ. ಆಮೇಲೆ ಹಾಡುತ್ತದೆ. ಏಟು ತಿನ್ನುತ್ತದೆ. ಕೊರಳಿಗೆ ಒರಳು ಬೀಳುತ್ತದೆ. ಚಿಕ್ಕಂದಿನಲ್ಲಿ ಇದು ಬರೀ ತಮಾಷೆ ಕಥೆ. ಈಗ ಓದಿದರೆ ಬೇರೆಯೇ ಒಂದು ವಿಷಯ ಕಾಣುತ್ತದೆ. ಕತ್ತೆಗೆ ಸಂಗೀತ ಗೊತ್ತಿತ್ತು. ದನಿ ಇರಲಿಲ್ಲ. ಫ್ಲಾರೆನ್ಸ್ ಕೂಡ ಹಾಗೇ. ಪಿಯಾನೋ ಕಲಿತವಳು, ದೊಡ್ಡ ದೊಡ್ಡ ಗಾಯಕರನ್ನು ಕೇಳಿದವಳು. ತನ್ನ ದನಿ ಒಂದನ್ನೇ ಕೇಳಿಸಿಕೊಳ್ಳಲಿಲ್ಲ.

ಅದೂ ಅಷ್ಟೇನು ವಿಚಿತ್ರವಲ್ಲ. ನಮ್ಮ ದನಿ ನಮಗೆ ತಲೆಬುರುಡೆಯ ಮೂಳೆಯ ಮೂಲಕವೂ ಕೇಳುತ್ತದೆ. ಅದಕ್ಕೇ ರೆಕಾರ್ಡ್ ಆದ ದನಿ ಕೇಳಿದಾಗ 'ಅಯ್ಯೋ ನಾನು ಹೀಗಾ ಮಾತಾಡೋದು?' ಅನ್ನಿಸುತ್ತದೆ. ಬಚ್ಚಲುಮನೆಯ ಗೋಡೆಗಳು ಇನ್ನೂ ಸ್ವಲ್ಪ ಸುಳ್ಳು ಸೇರಿಸುತ್ತವೆ. ಫ್ಲಾರೆನ್ಸ್ ಮಾತ್ರ ರೆಕಾರ್ಡ್ ಕೇಳಿದ ಮೇಲೂ ಖುಷಿಯಾಗಿಯೇ ಇದ್ದಳಂತೆ. ಒಂದೇ ಒಂದು ಸ್ವರ ಸರಿ ಬಂದಿಲ್ಲವೇನೋ ಎಂದು ಅನುಮಾನವಾಗಿ ಸ್ಟುಡಿಯೋದವರನ್ನು ಕೇಳಿದಳಂತೆ. ಮೇಡಂ, ಯಾವುದೋ ಒಂದು ಸ್ವರದ ಬಗ್ಗೆ ನೀವು ತಲೆ ಕೆಡಿಸಿಕೊಳ್ಳಬೇಡಿ ಎಂದು ಅವರು ಸಮಾಧಾನ ಹೇಳಿದರು ಎಂಬ ಕಥೆ ಇದೆ. ನಿಜವೋ ಕಟ್ಟಿದ್ದೋ, ಆ ಉತ್ತರ ಕೊಟ್ಟವರಿಗೆ ಒಂದು ನಮಸ್ಕಾರ.

ಈಗ ಬೇರೆ ಒಂದು ಮುಖ ನೋಡೋಣ. 1941ರ 'ಸಿಟಿಜನ್ ಕೇನ್'. ಪತ್ರಿಕೆಗಳ ದೊರೆ ಕೇನ್ ತನ್ನ ಹೆಂಡತಿ ಸೂಸನ್‌ಳನ್ನು ಒಪೆರಾ ಗಾಯಕಿ ಮಾಡಲು ಹೊರಡುತ್ತಾನೆ. ಅವಳಿಗಾಗಿ ಒಪೆರಾ ಹೌಸನ್ನೇ ಕಟ್ಟಿಸುತ್ತಾನೆ. ಅವಳ ದನಿ ಸಣ್ಣದು. ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಆ ಹಾಡನ್ನು ಬೇಕೆಂದೇ ಎತ್ತರದಲ್ಲಿಟ್ಟು, ಹಿಂದೆ ಭಾರೀ ವಾದ್ಯಗಳನ್ನು ತುಂಬಿದ್ದಾರೆ. ಹುಡುಗಿ ಅದರಲ್ಲಿ ಮುಳುಗುತ್ತಾಳೆ. ಕ್ಯಾಮೆರಾ ಮೇಲಕ್ಕೆ, ಇನ್ನೂ ಮೇಲಕ್ಕೆ ಹೋಗಿ ಮಾಳಿಗೆಯ ಹಗ್ಗಗಳ ನಡುವೆ ನಿಂತ ಇಬ್ಬರು ಕೆಲಸಗಾರರ ಮುಂದೆ ನಿಲ್ಲುತ್ತದೆ. ಒಬ್ಬ ಇನ್ನೊಬ್ಬನ ಕಡೆ ತಿರುಗಿ ಮೂಗು ಹಿಡಿದುಕೊಳ್ಳುತ್ತಾನೆ. ಅಷ್ಟೇ. ಯಾವ ವಿಮರ್ಶೆಗೂ ಇಷ್ಟು ಚಿಕ್ಕದಾಗಿ ಹೇಳಲು ಬರಲ್ಲ. ಹಾಡು ಮುಗಿದ ಮೇಲೆ ಎಲ್ಲರ ಚಪ್ಪಾಳೆ ನಿಂತರೂ ಕೇನ್ ಒಬ್ಬನೇ ತಟ್ಟುತ್ತಲೇ ಇರುತ್ತಾನೆ. ಕತ್ತಲಲ್ಲಿ ಒಬ್ಬನ ಚಪ್ಪಾಳೆ. ಆ ಸದ್ದು ಕೇಳಿ ನನಗೆ ಭಯವಾಗಿತ್ತು.

ಇಲ್ಲೂ ಶ್ರುತಿ ಸಾಲದ ಗಾಯಕಿ, ಇಲ್ಲೂ ಹಿಂದೆ ನಿಂತ ಗಂಡ, ಇಲ್ಲೂ ದುಡ್ಡು. ಆದರೆ ಒಬ್ಬರಿಗೂ ನಗು ಬರುವುದಿಲ್ಲ. ಯಾಕೆಂದರೆ ಹಾಡಬೇಕು ಎನ್ನುವ ಹಟ ಅವಳದ್ದಲ್ಲ, ಅವನದ್ದು. ಅವಳು ಬೇಡ ಬೇಡ ಎನ್ನುತ್ತಿದ್ದಾಳೆ. ಬೇಫೀಲ್ಡ್ ಚಪ್ಪಾಳೆ ತಟ್ಟುವುದು ಫ್ಲಾರೆನ್ಸ್‌ಳ ಆಸೆಗಾಗಿ, ಕೇನ್ ತಟ್ಟುವುದು ತನ್ನ ಅಹಂಕಾರಕ್ಕಾಗಿ. ಪ್ರೇಕ್ಷಕನಿಗೆ ಇದು ಯಾರೂ ಹೇಳಿಕೊಡದೆ ತಿಳಿಯುತ್ತದೆ. ದನಿ ಕೆಟ್ಟದಾಗಿರಲಿ ಪರವಾಗಿಲ್ಲ, ಅದು ಹಾಡುವವಳ ಸ್ವಂತ ಆಸೆಯಿಂದ ಹೊರಟಿರಬೇಕು. ಅದಿಲ್ಲದಿದ್ದರೆ ನಾವು ಅವಳನ್ನು ಬಿಡಿಸಿಕೊಂಡು ಹೋಗುವುದು ಹೇಗೆ ಎಂದು ಯೋಚಿಸಲು ಶುರು ಮಾಡುತ್ತೇವೆ.

ಗುಂಪಿನ ಮುಖ ಕಣ್ಣೆದುರೇ ತಿರುಗುವುದನ್ನು ನೋಡಬೇಕಾದರೆ 1997ರ 'ಮೈ ಬೆಸ್ಟ್ ಫ್ರೆಂಡ್ಸ್ ವೆಡ್ಡಿಂಗ್' ಚಿತ್ರದ ಕರೋಕೆ ದೃಶ್ಯ ಸಾಕು. ಕ್ಯಾಮೆರಾನ್ ಡಯಾಜ್‌ಳ ಪಾತ್ರಕ್ಕೆ ಹಾಡಲು ಬರಲ್ಲ ಎಂದು ಗೊತ್ತಿದ್ದೇ ಜೂಲಿಯಾ ರಾಬರ್ಟ್ಸ್‌ಳ ಪಾತ್ರ ಅವಳ ಕೈಗೆ ಮೈಕ್ ಕೊಡಿಸುತ್ತದೆ. ಮೊದಲ ಸಾಲಿಗೇ ಜನ ಕೂಗಾಡುತ್ತಾರೆ. ಹುಡುಗಿ ಹೆದರುತ್ತಾಳೆ, ಆದರೆ ಮೈಕ್ ಬಿಡುವುದಿಲ್ಲ. ಕಣ್ಣು ಮದುವೆಯಾಗುವ ಹುಡುಗನ ಮೇಲಿದೆ. ಇನ್ನೂ ಜೋರಾಗಿ, ಇನ್ನೂ ಕೆಟ್ಟದಾಗಿ ಹಾಡುತ್ತಾಳೆ. ಹಾಡು ಮುಗಿಯುವ ಹೊತ್ತಿಗೆ ಇಡೀ ಬಾರ್ ಅವಳ ಕಡೆ. ಬೀಳಿಸಲು ಹೋದವಳೇ ಬಿದ್ದಳು. ಹಾಡು ಒಂದಿಷ್ಟೂ ಸುಧಾರಿಸಲಿಲ್ಲ. ಜನ ಮಾತ್ರ ಬದಲಾದರು.

ಇದೇ ಫ್ಲಾರೆನ್ಸ್‌ಳಿಂದ ಹುಟ್ಟಿದ ಇನ್ನೊಂದು ಸಿನಿಮಾ 2015ರ ಫ್ರೆಂಚ್ ಚಿತ್ರ 'ಮಾರ್ಗರೀತ್'. ಕ್ಸೇವಿಯರ್ ಜಿಯಾನೋಲಿ ಕಥೆಯನ್ನು 1920ರ ದಶಕದ ಫ್ರಾನ್ಸಿಗೆ ತಂದಿದ್ದಾರೆ. ಮುಖ್ಯ ಪಾತ್ರ ಮಾಡಿದ ಕ್ಯಾಥರೀನ್ ಫ್ರೋ ಅವರಿಗೆ ಫ್ರಾನ್ಸಿನ ಸಿನಿಮಾ ಪ್ರಶಸ್ತಿಯಾದ ಸೀಸರ್ ಬಂತು. ನನಗೆ ಕೇಳಿದರೆ ಇದು ಅಮೆರಿಕದ ಕಥೆಗಿಂತ ಗಟ್ಟಿ ಸಿನಿಮಾ, ಆದರೆ ಎರಡನೇ ಸಲ ನೋಡುವ ಧೈರ್ಯ ಬಂದಿಲ್ಲ. ಇಲ್ಲಿನ ಗಂಡ ಬೇಫೀಲ್ಡ್ ಥರ ಪಕ್ಕದಲ್ಲಿ ನಿಲ್ಲುವವನಲ್ಲ. ಹೆಂಡತಿ ಹಾಡುವ ದಿನ ಅವನ ಕಾರು ಪ್ರತಿ ಸಲ ದಾರಿಯಲ್ಲಿ ಕೆಟ್ಟು ನಿಲ್ಲುತ್ತದೆ! ಮನೆಗೆ ಬರುವ ಶ್ರೀಮಂತರು ಸುಳ್ಳು ಹೊಗಳುತ್ತಾರೆ. ಪ್ಯಾರಿಸಿನ ಹುಡುಗರು ಅವಳನ್ನು ತಮ್ಮ ಕಲಾ ಚೇಷ್ಟೆಗೆ ಬಳಸಿಕೊಳ್ಳುತ್ತಾರೆ. ಮನೆಯ ಬಟ್ಲರ್ ಅವಳನ್ನು ಒಪೆರಾ ವೇಷದಲ್ಲಿ ನಿಲ್ಲಿಸಿ ಫೋಟೋ ತೆಗೆಯುತ್ತಾ ಹೋಗುತ್ತಾನೆ. ಅವನು ಭಕ್ತನೋ ಬೇಟೆಗಾರನೋ ಕೊನೆವರೆಗೂ ಬಿಟ್ಟುಕೊಡುವುದಿಲ್ಲ. ಕೊನೆಗೆ ವೈದ್ಯರು ಅವಳ ಭ್ರಮೆಗೆ ಮದ್ದು ಎಂದು ಅವಳದೇ ದನಿಯನ್ನು ರೆಕಾರ್ಡ್ ಮಾಡಿ ಅವಳಿಗೇ ಕೇಳಿಸುತ್ತಾರೆ. ಕೇಳುತ್ತಾಳೆ. ಕುಸಿಯುತ್ತಾಳೆ. ಆ ಕೊನೆಯ ಚಿತ್ರವನ್ನೂ ಬಟ್ಲರ್ ತೆಗೆಯುತ್ತಾನೆ.

ಅಷ್ಟು ಹೊತ್ತು ಅವಳ ಹಾಡಿಗೆ ನಕ್ಕ ಪ್ರೇಕ್ಷಕನಿಗೆ ಅಲ್ಲಿ ಕಪಾಳಕ್ಕೆ ಹೊಡೆದ ಹಾಗೆ ಆಗುತ್ತದೆ. ಎರಡು ಸಿನಿಮಾದಲ್ಲೂ ಹಾಡು ಒಂದೇ ಮಟ್ಟದ್ದು, ಹುಚ್ಚೂ ಒಂದೇ. ಫ್ರಿಯರ್ಸ್ ನಮ್ಮನ್ನು ಕಾಪಾಡುವವರ ಪಕ್ಕದಲ್ಲಿ ಕೂರಿಸುತ್ತಾರೆ. ನಾವು ನಕ್ಕರೂ ಆ ಮನೆಯವರೇ ಎನ್ನುವ ಹಾಗೆ. ಜಿಯಾನೋಲಿ ನಮ್ಮನ್ನು ಆ ಸುಳ್ಳು ಹೊಗಳುವವರ ಸಾಲಿನಲ್ಲಿ ಕೂರಿಸಿ, ದೀಪ ಹಾಕಿಬಿಡುತ್ತಾರೆ.

ಫ್ರಿಯರ್ಸ್ ಚಿತ್ರದಲ್ಲಿ ನನಗೆ ಇಷ್ಟವಾದ ಕೇಳುಗರು ಒಬ್ಬರಿದ್ದಾರೆ. ಆಗ್ನೆಸ್ ಎಂಬ ಹೊಸ ಶ್ರೀಮಂತೆ, ಜೋರು ಬಾಯಿಯ ಹೆಂಗಸು. ಮೊದಲ ಕಛೇರಿಯಲ್ಲಿ ನಗು ತಡೆಯಲಾಗದೆ ನೆಲಕ್ಕೆ ಬಿದ್ದು ಹೊರಗೆ ಹೋಗುತ್ತಾಳೆ. ಕೊನೆಯಲ್ಲಿ ಕಾರ್ನೆಗಿ ಹಾಲ್‌ನಲ್ಲಿ ಸೈನಿಕರು ಗೇಲಿ ಶುರು ಮಾಡಿದಾಗ ಅದೇ ಆಗ್ನೆಸ್ ಎದ್ದು ನಿಂತು ಅವರ ಮೇಲೆ ಕೂಗಾಡುತ್ತಾಳೆ. ಅವರು ಸುಮ್ಮನಾಗುತ್ತಾರೆ, ಆಮೇಲೆ ಹುರಿದುಂಬಿಸುತ್ತಾರೆ. ಸಿನಿಮಾದ ಇಡೀ ಲೆಕ್ಕ ಈ ಒಂದು ಪಾತ್ರದಲ್ಲಿದೆ. ಮೊದಲಿಂದ ಗಂಭೀರವಾಗಿ ಕೂತವರು ಎದ್ದು ಬೈದಿದ್ದರೆ ನಾವು ಒಪ್ಪುತ್ತಿರಲಿಲ್ಲ. ಹೊಟ್ಟೆ ಹಿಡಿದು ನಕ್ಕವಳೇ ಬೈಯಬೇಕು. ಯಾಕೆಂದರೆ ನಾವೂ ನಕ್ಕಿದ್ದೇವಲ್ಲ!

ಒಂದು ಕಡೆ ಮಾತ್ರ ನನಗೆ ಫ್ರಿಯರ್ಸ್ ಮೇಲೆ ತಕರಾರಿದೆ. ಕೊನೆಯಲ್ಲಿ ಫ್ಲಾರೆನ್ಸ್‌ಳ ತಲೆಯೊಳಗೆ ಹಾಡು ಹೇಗೆ ಕೇಳುತ್ತಿತ್ತು ಎಂದು ನಮಗೂ ಕೇಳಿಸುತ್ತಾರೆ. ಅಲ್ಲಿ ಶ್ರುತಿ ಸರಿಯಾಗಿದೆ. ಚೆಂದವಾಗಿದೆ, ಅಳುವೂ ಬರುತ್ತದೆ. ಆದರೆ ಆ ಕೆಟ್ಟ ದನಿಯನ್ನೇ ಇಷ್ಟಪಡುವುದು ಹೇಗೆ ಎಂದು ಎರಡು ಗಂಟೆ ಕಲಿಸಿ, ಕೊನೆಗೆ ಒಳ್ಳೆ ದನಿಯ ಲಂಚ ಯಾಕೆ ಕೊಡಬೇಕಿತ್ತು?

ಇನ್ನೊಂದು ವಿಷಯವನ್ನು ಈ ಸಿನಿಮಾಗಳು ಮೆಲ್ಲಗೆ ದಾಟಿಬಿಡುತ್ತವೆ. ದುಡ್ಡು. ಫ್ಲಾರೆನ್ಸ್‌ಳ ಸುತ್ತ ಇದ್ದ ದಯೆಯಲ್ಲಿ ಒಂದಿಷ್ಟು ಪ್ರೀತಿ, ಒಂದಿಷ್ಟು ಕೊಂಡದ್ದು. ಮೇಷ್ಟ್ರಿಗೆ ಫೀಸು, ಕ್ಲಬ್ಬಿಗೆ ದೇಣಿಗೆ, ಬಾಗಿಲಲ್ಲಿ ಆಕೆಯದೇ ಆಯ್ಕೆ. ಅದೇ ದನಿಯ ಬಡ ಹೆಂಗಸು ಕಾರ್ನೆಗಿ ಹಾಲ್ ತನಕ ಬರುತ್ತಲೇ ಇರಲಿಲ್ಲ. ಬಂದರೂ ಅವಳ ಬಗ್ಗೆ ಸಿನಿಮಾ ಆಗುತ್ತಿರಲಿಲ್ಲ. ಬಾಗಿಲು ತೆರೆದು ಟಿಕೆಟ್ ಎಲ್ಲರಿಗೂ ಮಾರಿದ ಆ ಒಂದು ರಾತ್ರಿಯೇ ಆಕೆಯ ಗೋಡೆ ಬಿತ್ತು.

ಈಗಿನ ಹಾಡುವವರಿಗೆ ಗೋಡೆಯೇ ಇಲ್ಲ. ಅಡುಗೆಮನೆಯಲ್ಲಿ ನಿಂತು ಹಾಡಿ ಬಟನ್ ಒತ್ತಿದರೆ ಅದೇ ಕಾರ್ನೆಗಿ ಹಾಲ್. ಇದರ ಮೊದಲ ದೊಡ್ಡ ಉದಾಹರಣೆ ಟಿ.ವಿ.ಯಲ್ಲೇ ಬಂತು. 2004ರಲ್ಲಿ ವಿಲಿಯಂ ಹಂಗ್ ಎಂಬ ಎಂಜಿನಿಯರಿಂಗ್ ಹುಡುಗ 'ಅಮೆರಿಕನ್ ಐಡಲ್' ಎಂಬ ಹಾಡಿನ ಸ್ಪರ್ಧೆಯ ಆಡಿಷನ್‌ನಲ್ಲಿ ಹಾಡಿದ, ಕುಣಿದ. ಒಬ್ಬ ತೀರ್ಪುಗಾರರು ನಗು ಬಂದು ಮುಖ ಮುಚ್ಚಿಕೊಂಡರು. ಇನ್ನೊಬ್ಬರು ನಿನಗೆ ಹಾಡೂ ಬರಲ್ಲ, ಕುಣಿತವೂ ಬರಲ್ಲ ಎಂದರು. ನನ್ನ ಕೈಲಾದಷ್ಟು ಮಾಡಿದೆ, ನನಗೇನೂ ಬೇಸರವಿಲ್ಲ ಎಂದ ಹುಡುಗ. ಆ ಮಾತಿನಿಂದ ದೇಶವೇ ಅವನ ಕಡೆ ತಿರುಗಿತು. ಆಲ್ಬಮ್ ಕೂಡ ಬಂತು. ಅಮೆರಿಕದಲ್ಲಿರುವ ಏಷ್ಯಾದ ಅನೇಕರಿಗೆ ಮಾತ್ರ ಕಸಿವಿಸಿ. ಇದು ಪ್ರೀತಿಯಾ, ಅಥವಾ ನಮ್ಮವರೆಂದರೆ ಹೀಗೇ ಎಂದು ಆಡಿಕೊಳ್ಳುವುದಾ? ಮೆಹಮೂದ್‌ನ ಮೇಷ್ಟ್ರನ್ನು ನೋಡಿ ನಮಗಾಗುವ ಕಸಿವಿಸಿ ಇದೇ ಜಾತಿಯದ್ದು.

ಅಲ್ಲಿ ಕಡೇಪಕ್ಷ ತೀರ್ಪುಗಾರರ ಮುಖವಾದರೂ ಇತ್ತು. ನಗುತ್ತಿರುವವರೂ ತೆರೆಯ ಮೇಲಿದ್ದರು, ಹಾಗಾಗಿ ಅವರ ಒರಟುತನವೂ ಕಾಣುತ್ತಿತ್ತು. ರೀಲ್ಸ್‌ನಲ್ಲಿ ಹಾಡುವವನ ಮುಖ ಒಂದೇ. ಕೇಳುವವರ ಜಾಗದಲ್ಲಿ ಹಳದಿ ನಗುಮುಖಗಳ ಸಾಲು. ಪಿಯಾನೋ ಹುಡುಗ ಇಲ್ಲ, ಬೇಫೀಲ್ಡ್ ಇಲ್ಲ, ಎದ್ದು ಬೈಯುವ ಆಗ್ನೆಸ್ ಇಲ್ಲ. ನಗು ಯಾವುದು, ಪ್ರೀತಿ ಯಾವುದು ಎಂದು ವ್ಯೂಸ್ ಎಣಿಸುವ ಯಂತ್ರ ಕೇಳುವುದೂ ಇಲ್ಲ. 2017ರಲ್ಲಿ ದೆಹಲಿಯ ಯೂಟ್ಯೂಬ್ ಹಾಡುಗಾರ್ತಿ ಢಿಂಚಾಕ್ ಪೂಜಾಳ ಸೆಲ್ಫಿ ಹಾಡು ದೇಶವೆಲ್ಲ ಸುತ್ತಿದಾಗ, 'ಇದನ್ನು ಕೇಳಬೇಡಿ' ಎಂದು ಬರೆದು ಹಂಚಿದವರೇ ಜಾಸ್ತಿ. ಅದೂ ವ್ಯೂಸ್ ಲೆಕ್ಕಕ್ಕೇ ಸೇರಿತು. ಅಲ್ಲಿಂದ ಒಂದು ಅನುಮಾನ ಬೆಳೆದಿದೆ. ಈಗ ಯಾರಾದರೂ ಕೆಟ್ಟದಾಗಿ ಹಾಡಿದರೆ, ಬೇಕೆಂದೇ ಮಾಡ್ತಿದಾರೇನೋ ಅನ್ನಿಸುತ್ತದೆ. ಆ ಅನುಮಾನ ಬಂದ ತಕ್ಷಣ ಕರುಣೆ ಹೋಗುತ್ತದೆ. ಫ್ಲಾರೆನ್ಸ್ ಬೇಕೆಂದೇ ತಪ್ಪು ಹಾಡುತ್ತಿದ್ದಳು ಎಂದು ಸಿನಿಮಾ ಕೊನೆಯಲ್ಲಿ ಹೇಳಿದ್ದರೆ ನಾವು ಟಿಕೆಟ್ ದುಡ್ಡು ವಾಪಸ್ ಕೇಳುತ್ತಿದ್ದೆವು.

ನಮ್ಮ ಬೀದಿಯ ಗಣೇಶನ ಪೆಂಡಾಲಿನಲ್ಲಿ ಒಬ್ಬರು ಪ್ರತಿ ವರ್ಷ ಹಾಡುತ್ತಿದ್ದರು. ನಿವೃತ್ತರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಸಾಹಿತ್ಯ ಬರೆದ ನೋಟ್‌ಬುಕ್. ಪಿ.ಬಿ. ಶ್ರೀನಿವಾಸ್ ಹಾಡೇ ಆಗಬೇಕು. ಪಲ್ಲವಿ ಮುಗಿಯುವುದರೊಳಗೆ ಟ್ರ್ಯಾಕ್ ಒಂದು ಕಡೆ, ಅವರು ಒಂದು ಕಡೆ. ಹಿಂದಿನ ಸಾಲಿನ ಹುಡುಗರು "ಒನ್ಸ್ ಮೋರ್!" ಎಂದು ಕೂಗುತ್ತಿದ್ದರು. ಆ ಹುಡುಗರಲ್ಲಿ ನಾನೂ ಒಬ್ಬ. ಒನ್ಸ್ ಮೋರ್ ಎನ್ನುವುದು ನಮ್ಮಲ್ಲಿ ಎರಡು ಅರ್ಥದ ಮಾತು. ಕಂಪನಿ ನಾಟಕದ ಕಾಲದಲ್ಲಿ ಅದು ನಟನಿಗೆ ಸಿಗುತ್ತಿದ್ದ ದೊಡ್ಡ ಬಹುಮಾನ. ಹುಡುಗರ ಬಾಯಲ್ಲಿ ಅದೇ ಚಾಕು. ಅವರು ನಮ್ಮ ಕಡೆ ನೋಡಿ ಕೈಮುಗಿದು, ಮತ್ತೆ ಹಾಡ್ತೀನಿ ಎನ್ನುತ್ತಿದ್ದರು. ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಅವರಿಗೆ ಗೊತ್ತಾಗುತ್ತಿರಲಿಲ್ಲ ಅಂತ ಆಗ ಅಂದುಕೊಂಡಿದ್ದೆ. ಈಗ ಅಷ್ಟು ಖಾತ್ರಿ ಇಲ್ಲ. ಗೊತ್ತಿದ್ದೂ ಆ ಮಾತಿನ ಒಳ್ಳೆ ಅರ್ಥವನ್ನೇ ತೆಗೆದುಕೊಂಡಿರಬಹುದು. ಫ್ಲಾರೆನ್ಸ್ ಬಗ್ಗೆಯೂ ಬರೆದವರಲ್ಲಿ ಈ ವಿಷಯಕ್ಕೆ ಒಮ್ಮತವಿಲ್ಲ. ನನಗೆ ಹಾಡಲು ಬರಲ್ಲ ಅಂತ ಜನ ಹೇಳಬಹುದು, ನಾನು ಹಾಡಲೇ ಇಲ್ಲ ಅಂತ ಯಾರೂ ಹೇಳಲಾರರು ಎಂಬ ಮಾತು ಆಕೆಯ ಹೆಸರಿನಲ್ಲಿದೆ. ಏನೂ ಗೊತ್ತಿಲ್ಲದವಳು ಆಡುವ ಮಾತಲ್ಲ ಅದು.

ಈ ಲೇಖನ ಬರೆಯುವ ಮುಂಚೆ 'ರಾತ್ರಿಯ ರಾಣಿ' ರೆಕಾರ್ಡನ್ನು ಮತ್ತೆ ಹಾಕಿದೆ. ಈ ಸಲ ಆಕೆಯ ದನಿ ಬಿಟ್ಟು ಪಿಯಾನೋ ಮಾತ್ರ ಕೇಳಲು ಪ್ರಯತ್ನಿಸಿದೆ. ನುಡಿಸಿರುವುದು ಕಾಸ್ಮೆ ಮ್ಯಾಕ್ಮೂನ್, ಅಂದರೆ ಸಿನಿಮಾದಲ್ಲಿ ನಾವು ನೋಡಿದ ಪಿಯಾನೋ ಹುಡುಗನ ನಿಜವಾದ ರೂಪ. ಫ್ಲಾರೆನ್ಸ್ ಓಡಿದಾಗ ಅವನೂ ಓಡುತ್ತಾನೆ. ಉಸಿರು ಸಾಲದೆ ನಿಂತಾಗ ತಾಳವನ್ನು ಎಳೆದು ಹಿಡಿಯುತ್ತಾನೆ. ಆ ಎತ್ತರದ ಸ್ವರಗಳ ಜಾಗ ಬಂದಾಗ ಆಕೆ ಹಾರುತ್ತಾಳೆ, ಜಾರುತ್ತಾಳೆ. ಪಿಯಾನೋ ಒಂದು ಗಳಿಗೆ ಕಾಯುತ್ತದೆ. ಆಕೆ ಎದ್ದು ಬಂದ ಮೇಲೆ ಜೊತೆಗೆ ಹೊರಡುತ್ತದೆ.